ಹತ್ತು ಲಕ್ಷದ ಒಂದು

ಚಿತ್ತಾಪುರ, ೧೯೭೪

ಮಗಳೇ ಗುರುದೇವಿ,

ಹತ್ತು ಲಕ್ಷದ ಒಂದು ಅವಿಭಾಜ್ಯ ಸಂಖ್ಯೆ ಎಂದು ಇವತ್ತೂ ಏಳನೇ ತರಗತಿಗೆ ಹೇಳಿದೆ. ಸುಂದರಬಾಯಿ ಎಂಬ ಹುಡುಗಿ ಎದ್ದು, “ನೂರಾ ಒಂದರಿಂದ ಹೋಗ್ತದರಿ ಸರ” ಅಂದಳು. ಬೋರ್ಡಿನ ಮೇಲೆ ಭಾಗಿಸಿದೆ. ಒಂಬತ್ತು ಸಾವಿರದ ಒಂಬೈನೂರಾ ಒಂದು ಬಂತು, ಶೇಷ ಸೊನ್ನೆ.

ಏಳನೇ ತರಗತಿಯಲ್ಲಿದ್ದಾಗ ನೀನೂ ಇದನ್ನೇ ಹೇಳಿದ್ದೆ. “ಅಪ್ಪಗೇ ಕಲಸ್ತೀಯೇನು?” ಎಂದು ಗದರಿದ್ದೆ, ಭಾಗಿಸಿ ನೋಡಿರಲಿಲ್ಲ. ಆ ವರ್ಷವೇ ಶಾಲೆ ಬಿಡಿಸಿ ಐನಾಪುರಕ್ಕೆ ಮದುವೆ ಮಾಡಿಕೊಟ್ಟೆ. ಮೊದಲ ಹೆರಿಗೆಯಲ್ಲೇ ನೀನು ತೀರಿಕೊಂಡೆ.

ಸಂಜೆ ಸುಂದರಬಾಯಿಯ ಅಪ್ಪ ಪೀರಪ್ಪ ಶಾಲೆಗೆ ಬಂದಿದ್ದ. “ಲಗ್ನ ಗೊತ್ತಾಗ್ಯಾದರಿ ಮಾಸ್ತರ್ರೆ, ಶಾಲಿಯಿಂದ ಅಕಿ ಹೆಸರು ತೆಗೀರಿ.”

“ಕುಂದ್ರಪ್ಪ. ನಿನ್ನ ಮಗಳು ನನ್ನ ತಪ್ಪು ಹಿಡದಾಳ” ಎಂದು ಬೋರ್ಡು ತೋರಿಸಿದೆ. ಓದಲು ಬಾರದ ಅವನು ಅದನ್ನೇ ಬಹಳ ಹೊತ್ತು ನೋಡಿದ. “ನಾಳಿ ಬರ್ತೀನ್ರಿ” ಎಂದು ಹೋದ.

ದಣಿದಿದ್ದೇನೆ ಮಗಳೇ. ಆದರೂ ಹೆಸರು ತೆಗೆಯುವುದಿಲ್ಲ.