ಬೂಟಿನೊಳಗಿನ ನಟ್ಟು

ಸುಯೆಜ್, ಅರ್ಬಯೀನ್ ಬಡಾವಣೆ
೧೯೯೬ರ ನವೆಂಬರ್ ೧೦, ಭಾನುವಾರ

ಶಾದಿಯಾಳ ಅಪ್ಪನಿಗೆ ಇಹ್ಸಾನಳ ಸಲಾಮು.

ಹೇಗಿದ್ದೀರಿ? ಊಟ ಸೇರುತ್ತಿದೆಯೆ, ನಿದ್ದೆ ಬರುತ್ತಿದೆಯೆ, ಸಕ್ಕರೆ ಕಾಯಿಲೆಯ ಮಾತ್ರೆ ಮುಗಿಯುವ ಮೊದಲೇ ತರಿಸಿಕೊಳ್ಳುತ್ತಿದ್ದೀರಾ? ಕೇಳುವುದು ನನ್ನ ಧರ್ಮ, ಅದಕ್ಕೆ ಕೇಳಿದ್ದೇನೆ. ‘ಅಲ್ಲಾನ ದಯೆಯಿಂದ ಚೆನ್ನಾಗಿದ್ದೇನೆ’ ಎಂದು ಮಾತ್ರ ಉತ್ತರ ಬರೆಯಬೇಡಿ. ನಿಮ್ಮ ಆ ಮಾತನ್ನು ನಾನು ನಂಬುತ್ತಿದ್ದ ಕಾಲ ಮೊನ್ನೆ ಗುರುವಾರಕ್ಕೆ ಮುಗಿಯಿತು. ನಾವು ತಾಯಿ ಮಗಳು ಇಲ್ಲಿ ಕ್ಷೇಮ. ಶಾದಿಯಾ ಪರೀಕ್ಷೆಗೆ ಓದುತ್ತಿದ್ದಾಳೆ. ನನ್ನ ಮೊಣಕಾಲು ನೋವು ಇದ್ದ ಹಾಗೇ ಇದೆ, ನೋವು ಗೊತ್ತಾಗುತ್ತಿದೆಯಲ್ಲ, ಅದೇ ದೊಡ್ಡ ಭಾಗ್ಯ ಎಂದು ಈಗ ಅನ್ನಿಸುತ್ತಿದೆ. ನೀವು ಎಣ್ಣೆ ಟ್ಯಾಂಕಿಗೆ ಸಾರುವೆ ಕಟ್ಟುತ್ತಿರುವ ರಾಸ್ ಗಾರಿಬಿನ ಕ್ಯಾಂಪಿಗೆ ಫೋನು ಮಾಡಿ ನಾಲ್ಕು ಮಾತು ಅನ್ನಬಹುದಿತ್ತು. ಆದರೆ ಅಲ್ಲಿರುವ ಫೋನು ಒಂದೇ, ಅದೂ ಆಫೀಸಿನ ನಡುಮಧ್ಯೆ. ನಿಮ್ಮ ಕೈಕೆಳಗಿನ ಹುಡುಗರ ಮುಂದೆ ಹೆಂಡತಿ ನಿಮ್ಮ ಮರ್ಯಾದೆ ಕಳೆದಳು ಎಂಬ ಮಾತು ಬರಬಾರದು. ಅದಕ್ಕೇ ಕೂತು ಬರೆಯುತ್ತಿದ್ದೇನೆ, ಬೈಗುಳಕ್ಕೂ ಸ್ವಲ್ಪ ಜಾಗ ಬೇಕು.

ಗುರುವಾರ ಸಂಜೆ ಕ್ಯಾಂಪಿನಿಂದ ರಜೆಗೆ ಬಂದ ಫತ್ಹಿ ನಿಮ್ಮ ಒಗೆಯುವ ಬಟ್ಟೆಯ ಗಂಟನ್ನು ಬಾಗಿಲಲ್ಲಿಟ್ಟು ಮೂರನೇ ಮಹಡಿಯ ತನ್ನ ಮನೆಗೆ ಓಡಿಹೋದ. ಓಡಿದ್ದು ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ, ಹೆಂಡತಿಯನ್ನು ನೋಡುವ ಆತುರ ಇರಬೇಕು ಎಂದುಕೊಂಡೆ. ಬಟ್ಟೆ ನೆನೆಹಾಕುವಾಗ ಎಡಗಾಲಿನ ಉಣ್ಣೆ ಕಾಲುಚೀಲ ಕೈಗೆ ರಟ್ಟಿನಂತೆ ಸಿಕ್ಕಿತು. ನೀರಿಗೆ ಹಾಕಿದೆ, ನೀರು ಕೆಂಪಗಾಯಿತು. ಹೆಬ್ಬೆರಳಿನ ಬುಡದಲ್ಲಿ ಅಂಗೈಯಷ್ಟಗಲ ರಕ್ತ ಒಣಗಿ ಗಟ್ಟಿಯಾಗಿತ್ತು, ರಕ್ತದ ಜೊತೆ ಕೀವಿನ ವಾಸನೆಯೂ ಇತ್ತು. ಆ ವಾಸನೆ ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲುಚೀಲ ಹಿಡಿದುಕೊಂಡೇ ಮೇಲೆ ಹತ್ತಿದೆ.

ಫತ್ಹಿ ಮೊದಲು ಚಹಾ ಕುಡಿಯಿರಿ ಅಂದ, ಆಮೇಲೆ ಕೂತುಕೊಳ್ಳಿ ಅಂದ, ನಾನು ಎರಡನ್ನೂ ಮಾಡದೆ ನಿಂತಿದ್ದು ನೋಡಿ ನಗುತ್ತ ಹೇಳತೊಡಗಿದ. ‘ಅಯ್ಯೋ ಅತ್ತಿಗೆ, ಅದೊಂದು ದೊಡ್ಡ ತಮಾಷೆ. ಮೇಸ್ತ್ರಿ ಬೂಟು ಒದರಿದ್ರು ನೋಡಿ, ಒಳಗಿಂದ ಸಾರುವೆ ಬೋಲ್ಟಿನ ನಟ್ಟು ಟಣ್ ಅಂತ ಬಿತ್ತು. ಮೂರು ದಿನ ಅದರ ಮೇಲೇ ನಡೆದಾಡಿದ್ದಾರೆ, ಏಣಿ ಹತ್ತಿದ್ದಾರೆ, ಗೊತ್ತೇ ಆಗಿಲ್ಲ. ಇಡೀ ಕ್ಯಾಂಪು ಬಿದ್ದು ಬಿದ್ದು ನಕ್ಕಿತು. ಮೇಸ್ತ್ರಿ ಮೆತ್ವಲ್ಲಿಗೆ ಕಬ್ಬಿಣದ ಕಾಲು ಅಂತ ಹೆಸರೇ ಇಟ್ಟುಬಿಟ್ಟಿದ್ದಾರೆ ಹುಡುಗ್ರು.’ ಅವರ ಜೊತೆ ನೀವೂ ನಕ್ಕಿರಂತೆ. ಆ ನಟ್ಟನ್ನು ಎಲ್ಲರಿಗೂ ತೋರಿಸಿದಿರಂತೆ. ಹೊಟ್ಟೆ ಉರಿಯುತ್ತದೆ ಶಾದಿಯಾಳ ಅಪ್ಪ. ಬೇಸಿಗೆಯಲ್ಲಿ ಡಾಕ್ಟರು ನಿಮಗೆ ಕಣ್ಣು ಮುಚ್ಚಿಸಿ ಪಾದಕ್ಕೆ ಸೂಜಿ ಚುಚ್ಚಿ ನೋಡಿದರಲ್ಲ, ಅವರು ಹತ್ತು ಕಡೆ ಚುಚ್ಚಿ ಮುಗಿಸಿದ ಮೇಲೂ ನೀವು ‘ಇನ್ನೂ ಶುರು ಮಾಡಿಲ್ವಾ ಡಾಕ್ಟ್ರೇ?’ ಎಂದು ಕೇಳಿದಿರಿ. ಅವತ್ತು ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಸಕ್ಕರೆ ಕಾಯಿಲೆ ನಿಮ್ಮ ಪಾದದ ನೋವನ್ನು ತಿಂದುಹಾಕಿದೆ, ಇನ್ನು ಮೇಲೆ ದಿನಾ ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ನೋಡಿಕೊಳ್ಳಬೇಕು ಎಂದು ಅವರು ಮೂರು ಸಲ ಹೇಳಿದರು. ನೀವು ಮೂರು ಸಲವೂ ತಲೆ ಆಡಿಸಿದಿರಿ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ನಿಮ್ಮ ಅಮ್ಮನನ್ನು ಮರೆತಿರಾ? ಅವರಿಗೂ ಮೊದಲು ಒಂದು ಬೆರಳು ಅಷ್ಟೇ. ಒಲೆಯ ಕೆಂಡ ತಾಕಿದ್ದು ಗೊತ್ತಾಗಿರಲಿಲ್ಲ. ಆಮೇಲೆ ಪಾದ ಹೋಯಿತು, ಆಮೇಲೆ ಮೊಣಕಾಲಿನವರೆಗೆ. ಆಗ ನೀವು ಬಂದರಿನ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತು ‘ಹೇಗಿದ್ದೀಯಮ್ಮ’ ಎಂದು ಕೇಳಿ ಊಟಕ್ಕೆ ಕೂರುತ್ತಿದ್ದಿರಿ. ಎರಡು ವರ್ಷ ಪಟ್ಟಿ ಬಿಚ್ಚಿ ಗಾಯ ತೊಳೆದು ಕಟ್ಟಿದವಳು ನಾನು. ನನಗೆ ಅದರ ಬೇಸರವಿಲ್ಲ, ಅವರು ನನ್ನನ್ನು ಮಗಳೆಂದೇ ಕರೆಯುತ್ತಿದ್ದರು. ಆದರೆ ಅದೇ ಮನೆಯಲ್ಲಿ, ಅದೇ ಮಂಚದಲ್ಲಿ, ಇನ್ನೊಂದು ಕಾಲನ್ನು ನಾನು ಕಟ್ಟುವುದಿಲ್ಲ. ನನ್ನಿಂದ ಆಗುವುದಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ.

ಇನ್ನು ನಿಮ್ಮ ಬೂಟಿನ ವಿಚಾರ. ಆಗಸ್ಟಿನಲ್ಲಿ ಹೊರಡುವ ಮೊದಲು ‘ಬೂಟು ನಾನೇ ತಗೋತೀನಿ, ಇಪ್ಪತ್ತೈದು ವರ್ಷದಿಂದ ಸಾರುವೆ ಕಟ್ಟುತ್ತಿದ್ದೀನಿ, ಹೆಂಗಸರಿಂದ ಕಲೀಬೇಕಾ’ ಎಂದು ಹೋದಿರಿ. ತಂದದ್ದು ಎರಡು ಅಳತೆ ದೊಡ್ಡದು. ಕೇಳಿದ್ದಕ್ಕೆ, ದಿನಕ್ಕೆ ಐದು ಸಲ ವುಜೂಗೆ ಕೈಕಾಲು ತೊಳೆಯಬೇಕು, ಬಿಗಿ ಬೂಟಾದರೆ ಲೇಸು ಬಿಚ್ಚಿ ಕಟ್ಟುವುದರಲ್ಲೇ ನಮಾಜಿನ ಹೊತ್ತು ಮೀರುತ್ತದೆ, ಇದಾದರೆ ಚಪ್ಪಲಿಯ ಹಾಗೆ ಕಳಚಿ ಹಾಕಬಹುದು ಅಂದಿರಿ. ನಮ್ಮೂರಿನ ಗಂಡಸರೆಲ್ಲ ಮಾಡುವುದೂ ಅದನ್ನೇ, ಬೂಟಿನ ಹಿಮ್ಮಡಿ ತುಳಿದು ಮಡಚಿ ಓಡಾಡುತ್ತಾರೆ, ಆಮೇಲೆ ಏಣಿಯಿಂದ ಜಾರಿ ಬಿದ್ದರೆ ವಿಧಿ ಅನ್ನುತ್ತಾರೆ. ನಾನು ಆಗ ಸುಮ್ಮನಾದೆ. ನಮಾಜಿಗಾಗಿ ತಂದದ್ದಕ್ಕೆ ಹೇಗೆ ಎದುರು ಮಾತಾಡಲಿ? ದಿನಕ್ಕೆ ಐದು ಸಲ ಕಾಲು ತೊಳೆಯುವ ಮನುಷ್ಯ, ಐದು ಸಲ ಪಾದ ನೋಡಿಕೊಂಡಂತಾಯಿತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಆದರೆ ನೀವು ಅಲ್ಲಿ ಮಾಡಿದ್ದೇನು? ಗುತ್ತಿಗೆದಾರ ನಮಾಜಿನ ಹೊತ್ತಿಗೆ ಗಡಿಯಾರ ನೋಡುತ್ತಾನೆ, ರಾಸ್ ಗಾರಿಬಿನಲ್ಲಿ ನೀರಿಗೂ ತತ್ವಾರ ಎಂದು, ಕಾಲು ತೊಳೆಯುವುದನ್ನೇ ಬಿಟ್ಟಿರಿ. ಪ್ರಯಾಣದಲ್ಲಿ ಇರುವವನು ಒಮ್ಮೆ ತೊಳೆದು ಕಾಲುಚೀಲ ಹಾಕಿಕೊಂಡರೆ ಮೂರು ದಿನ ಮೇಲಿಂದ ಒದ್ದೆ ಕೈ ಸವರಿದರೆ ಸಾಕು ಎಂಬ ರಿಯಾಯಿತಿ ಹಿಡಿದುಕೊಂಡಿರಿ. ಮೂರು ದಿನ ಮಲಗುವಾಗಲೂ ಕಾಲುಚೀಲ ಬಿಚ್ಚಲಿಲ್ಲವಂತೆ. ಹಗಲೆಲ್ಲ ಒಳಗೆ ನಟ್ಟು, ಅದರ ಮೇಲೆ ಸತ್ತ ಕಾಲು. ನಾನು ಶುಕ್ರವಾರ ಮಸೀದಿಯ ಇಮಾಮರ ಮನೆಗೇ ಹೋಗಿ ಕೇಳಿದೆ. ಅವರು ಅಂದರು, ‘ತೊಳೀದೆ ಇರೋದಕ್ಕೆ ಅನುಮತಿ ಇದೆ ತಾಯಿ, ತೊಳೀಲೇಬಾರದು ಅಂತ ಎಲ್ಲಿದೆ? ರೋಗಿ ತನ್ನ ಶರೀರ ಕಾಪಾಡ್ಕೊಳ್ಳೋದೂ ಇಬಾದತ್ತೇ, ದೇವರ ಆರಾಧನೇನೇ.’ ಅಲ್ಲಾ ಕೊಟ್ಟ ರಿಯಾಯಿತಿ ನಿಮಗೆ ಗೊತ್ತಿದೆ. ಆ ರಿಯಾಯಿತಿ ಸಕ್ಕರೆ ಕಾಯಿಲೆಗೂ ಗೊತ್ತಿದೆಯೆ ಎಂದು ಒಮ್ಮೆಯಾದರೂ ಯೋಚಿಸಿದಿರಾ?

ನಿನ್ನೆ ನಾನೇ ಬೂಟು ತರಲು ಹೊರಟೆ. ಕಾಲು ಸಂಜೆಗೆ ಊದುತ್ತದೆ, ಅಳತೆ ಸಂಜೆಯದೇ ಸರಿ ಎಂದು ಕೇಳಿ ತಿಳಿದಿದ್ದೆ. ನೀವಿಲ್ಲ, ನಿಮ್ಮ ಸಂಜೆಯ ಕಾಲು ಎಲ್ಲಿಂದ ತರಲಿ? ಸ್ಟೇಷನ್ನಿನ ಹತ್ತಿರದ ಸಂತೆಯಲ್ಲಿ ಬಯೂಮಿಯ ಅಂಗಡಿ ಇದೆಯಲ್ಲ, ಅಲ್ಲಿಗೆ ನಿಮ್ಮ ಮನೆ ಚಪ್ಪಲಿಯನ್ನೇ ಒಯ್ದೆ. ಅದರಲ್ಲಿ ನಿಮ್ಮ ಪಾದ ಬಿಟ್ಟ ಗುರುತಿದೆ, ಎಡಗಡೆ ಹೆಬ್ಬೆರಳು ಅಂಚು ದಾಟಿ ಹೊರಗೆ ಹೋಗಿದೆ. ಬಯೂಮಿ ನೋಡಿದವನೇ, ‘ಅಳಿಯನಿಗಾ ಅಕ್ಕಾ? ಅಳಿಯನಿಗಾದ್ರೆ ಈ ಹಳದಿ ಬೂಟು ತಗೊಳ್ಳಿ, ಮದುವೆಗೂ ಆಗುತ್ತೆ ಕೆಲಸಕ್ಕೂ ಆಗುತ್ತೆ’ ಅಂದ. ಗಂಡನಿಗೆ ಅಂದೆ. ‘ಗಂಡನಿಗಾದ್ರೆ ಇಷ್ಟು ಹುಡುಕ್ತೀರಾ? ಪುಣ್ಯವಂತ’ ಅಂದ. ಮೊದಲು ಕೊಟ್ಟ ಜೋಡಿ ನೋಡಲು ಲಕ್ಷಣವಾಗಿತ್ತು, ಬಗ್ಗಿಸಿದರೆ ನಡುವೆಯೇ ಮಡಚಿಕೊಂಡಿತು. ಏಣಿಯ ಮೆಟ್ಟಿಲ ಮೇಲೆ ದಿನವಿಡೀ ನಿಲ್ಲುವವನಿಗೆ ಅಟ್ಟೆ ನಡುವೆ ಗಟ್ಟಿ ಇರಬೇಕು, ಬೆರಳಿನ ಹತ್ತಿರ ಮಾತ್ರ ಬಗ್ಗಬೇಕು. ಎರಡನೆಯದರಲ್ಲಿ ಬೆರಳು ಕಾಯುವ ಉಕ್ಕಿನ ಟೋಪಿ ಎಷ್ಟು ಗಿಡ್ಡವಾಗಿತ್ತೆಂದರೆ ಅದರ ಅಂಚು ಸರಿಯಾಗಿ ಬೆರಳಿನ ಬುಡಕ್ಕೇ, ನಿಮ್ಮ ಗಾಯದ ಮೇಲೇ ಕೂರುತ್ತಿತ್ತು.

ಆಮೇಲೆ ನಾನು ಒಂದೊಂದೇ ಬೂಟು ಮಡಿಲಲ್ಲಿಟ್ಟುಕೊಂಡು ಒಳಗೆ ಕೈ ಹಾಕಿ ತಡವತೊಡಗಿದೆ. ಹೊಲಿಗೆ ಎಲ್ಲಿ ಉಬ್ಬಿದೆ, ಅಂಟು ಎಲ್ಲಿ ಗಟ್ಟಿಯಾಗಿದೆ, ಮೊಳೆಯ ತುದಿ ಎಲ್ಲಾದರೂ ಇಣುಕಿದೆಯೋ ಎಂದು ಬೆರಳ ತುದಿಯಲ್ಲಿ ಅಂಗುಲ ಅಂಗುಲ ನೋಡಿದೆ. ಬಯೂಮಿಗೆ ರೇಗಿತು. ‘ಮೂವತ್ತು ವರ್ಷದಿಂದ ಅಂಗಡಿ ಇಟ್ಟಿದ್ದೀನಿ, ಬೂಟಿನೊಳಗೆ ಮೊಣಕೈವರೆಗೂ ಕೈ ಹಾಕಿದ ಗಿರಾಕೀನ ಇವತ್ತೇ ನೋಡಿದ್ದು. ಏನು ಹುಡುಕ್ತಾ ಇದೀಯ ತಾಯಿ, ಕೋಳಿ ಮೊಟ್ಟೇನಾ?’ ಸುತ್ತ ಇದ್ದವರು ನಕ್ಕರು. ‘ಅವನ ಕಾಲಿಗೆ ಗೊತ್ತಾಗದೇ ಇರೋದನ್ನ ಹುಡುಕ್ತಾ ಇದೀನಿ’ ಅಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ‘ಸಕ್ಕರೆನಾ?’ ಅಂದ. ಹೂಂ ಅಂದೆ. ಅಲ್ಲಿಂದ ಮುಂದೆ ತಮಾಷೆ ನಿಂತಿತು. ಒಳಗೆ ಹೋಗಿ ಧೂಳು ಹಿಡಿದ ಡಬ್ಬದಿಂದ ಒಂದು ಕಪ್ಪು ಜೋಡಿ ತಂದ. ನೋಡಲು ಎಮ್ಮೆಯ ಹಾಗಿದೆ, ಆದರೆ ಬೆರಳಿನ ಕಡೆ ಅಗಲ, ಹಿಮ್ಮಡಿ ಕಡೆ ಬಿಗಿ, ಒಳಗೆ ಒಂದೇ ಚರ್ಮ, ಹೊಲಿಗೆಯಿಲ್ಲ. ಅಟ್ಟೆಯೊಳಗೆ ಉಕ್ಕಿನ ತಗಡು ಇದೆ, ಮೊಳೆ ತೂರುವುದಿಲ್ಲ. ಬೂಟಿನ ನಾಲಗೆಯನ್ನು ಎರಡೂ ಪಕ್ಕಕ್ಕೆ ಸೇರಿಸಿ ಹೊಲಿದಿದ್ದಾರೆ. ‘ಮರಳೂ ಒಳಗೆ ಹೋಗಲ್ಲ, ನಟ್ಟೂ ಹೋಗಲ್ಲ. ಲೇಸು ಕಟ್ಟಿದ್ರೆ ಮಾತ್ರ’ ಅಂದ. ಅದನ್ನೇ ತಂದಿದ್ದೇನೆ.

ಈಗ ನನ್ನ ಮಾತು ಕೇಳಿ, ಇದು ಬೇಡಿಕೆಯಲ್ಲ. ಲೇಸು ಪ್ರತಿ ಸಲವೂ ಬಿಚ್ಚಬೇಕು, ಪ್ರತಿ ಸಲವೂ ಕಟ್ಟಬೇಕು. ಹಾಕುವ ಮುಂಚೆ ಬೂಟು ತಲೆಕೆಳಗೆ ಮಾಡಿ ಒದರಬೇಕು, ಒಳಗೆ ಕೈ ಹಾಕಿ ನೋಡಬೇಕು. ಅಟ್ಟೆ ಆಕಾಶ ನೋಡಬಾರದು, ಅಪಚಾರ ಎಂದು ನಿಮ್ಮ ಅಜ್ಜಿ ಹೇಳಿದ್ದು ನನಗೆ ಗೊತ್ತು, ಆ ಪಾಪ ನನ್ನ ಲೆಕ್ಕಕ್ಕೆ ಇರಲಿ. ಪ್ರತಿ ನಮಾಜಿಗೂ ಕಾಲು ತೊಳೆದು, ಬೆರಳುಗಳ ನಡುವೆ ಒರೆಸಿ, ಪಾದದಡಿ ಕಾಣದಿದ್ದರೆ ಕನ್ನಡಿ ಹಿಡಿದು ನೋಡಬೇಕು. ಗುತ್ತಿಗೆದಾರ ಗಡಿಯಾರ ನೋಡಿದರೆ ನೋಡಲಿ, ಅವನ ಕಾಲೇನೂ ಹೋಗುವುದಿಲ್ಲವಲ್ಲ. ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಕೊಳ್ಳುತ್ತೀರಂತೆ, ಅದನ್ನೂ ಫತ್ಹಿಯೇ ಹೇಳಿದ. ಶಾದಿಯಾ ನನ್ನ ಹೆಗಲ ಮೇಲಿಂದ ಓದುತ್ತ, ‘ಅಪ್ಪನಿಗೆ ಇಷ್ಟೊಂದು ಬೈಬೇಡಮ್ಮ, ಪಾಪ’ ಅನ್ನುತ್ತಿದ್ದಾಳೆ. ಅವಳಿಗೆ ಅಪ್ಪ ಬೇಕು, ಅದಕ್ಕೆ ಪಾಪ ಅನ್ನುತ್ತಾಳೆ. ನನಗೂ ನೀವು ಬೇಕು, ಅದಕ್ಕೆ ಬೈಯುತ್ತಿದ್ದೇನೆ.

ಫತ್ಹಿ ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾನೆ. ಬೂಟು, ನಾಲ್ಕು ಜೊತೆ ಬಿಳಿ ಕಾಲುಚೀಲ ಕಳಿಸುತ್ತಿದ್ದೇನೆ. ಬಿಳಿಯದೇ ಯಾಕೆ ಎಂದು ಕೇಳಬೇಡಿ, ರಕ್ತ ಬಂದರೆ ನಿಮ್ಮ ಕಣ್ಣಿಗಾದರೂ ಕಾಣಲಿ. ಮಗಳು ನಿಮ್ಮ ಕೈಗೆ ಮುತ್ತಿಡುತ್ತಾಳೆ. ಅಲ್ಲಾ ನಿಮ್ಮನ್ನು ಎತ್ತರದಿಂದಲೂ ಕಬ್ಬಿಣದಿಂದಲೂ, ಎಲ್ಲಕ್ಕಿಂತ ಮೊದಲು ನಿಮ್ಮ ಹಟದಿಂದಲೂ ಕಾಪಾಡಲಿ.

ನಿಮ್ಮ ಮೇಲೆ ಇನ್ನೂ ಕೋಪದಲ್ಲೇ ಇರುವ,
ಇಹ್ಸಾನ್

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಫತ್ಹಿಯ ಹೆಂಡತಿ ಕರೀಮಾ ಗಂಡನ ತೋಳು ಹಿಡಿದು ಎಳೆದುಕೊಂಡು ಬಂದಳು. ‘ಹೇಳು, ನನಗೆ ಹೇಳಿದ್ದನ್ನ ಇವಳಿಗೂ ಹೇಳು’ ಅಂದಳು. ಫತ್ಹಿ ಗೋಡೆ ನೋಡುತ್ತ ಹೇಳಿದ. ಬೆರಳು ಕಪ್ಪಾಗಿದೆಯಂತೆ, ಮುಟ್ಟಿದರೆ ತಣ್ಣಗಿದೆಯಂತೆ, ನೀವು ಅದಕ್ಕೆ ಬಟ್ಟೆ ಸುತ್ತಿಕೊಂಡು ಟ್ಯಾಂಕು ಹತ್ತುತ್ತಿದ್ದೀರಂತೆ, ಮನೆಯಲ್ಲಿ ಹೇಳಬಾರದೆಂದು ಅವನಿಂದ ಅಲ್ಲಾನ ಮೇಲೆ ಆಣೆ ಹಾಕಿಸಿದ್ದೀರಂತೆ. ಆಣೆ ಮುರಿದದ್ದಕ್ಕೆ ಹತ್ತು ಜನ ಬಡವರಿಗೆ ಊಟ ಹಾಕಬೇಕು, ಅದನ್ನು ನಾನು ಹಾಕುತ್ತೇನೆ. ಬೂಟು ಕಳಿಸುತ್ತಿಲ್ಲ. ಆ ಕಾಲಿಗೆ ಯಾವ ಬೂಟನ್ನೂ ಹಾಕಬೇಡಿ, ಒಂದು ಮೆಟ್ಟಿಲನ್ನೂ ಹತ್ತಬೇಡಿ. ಫತ್ಹಿ ನಾಳೆ ಕೆಲಸಕ್ಕೆ ಬರುತ್ತಿಲ್ಲ, ನಿಮ್ಮನ್ನು ಕರೆದುಕೊಂಡು ಬರುವುದಕ್ಕೆ ಬರುತ್ತಿದ್ದಾನೆ, ಬಂದ ಬಸ್ಸಿನಲ್ಲೇ ಇಬ್ಬರೂ ತಿರುಗಿ ಹೊರಡಿ. ಮಂಗಳವಾರ ಬೆಳಗ್ಗೆ ನಾನು ಆಸ್ಪತ್ರೆಯ ಬಾಗಿಲಲ್ಲೇ ಕೂತಿರುತ್ತೇನೆ. ಇನ್ನೊಂದು ಕಾಲು ಕಟ್ಟುವುದಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಿ. ಎಷ್ಟು ವರ್ಷ ಬೇಕಾದರೂ ಕಟ್ಟುತ್ತೇನೆ. ಬನ್ನಿ.