ಇಪ್ಪತ್ತನೆಯ ಅರ್ಥ

ವೋಲೋಸ್, ಗ್ರೀಸ್, ನವೆಂಬರ್ ೧೨, ಮಂಗಳವಾರ

ಸ್ಟೆರ್ಗಿಯೋಸನ ಆ ಹಳದಿ ಪುಸ್ತಕ ನೆನೆದರೆ ಈಗಲೂ ಮೈ ಉರಿಯುತ್ತದೆ. ನಾನು ಪಾಠ ಹೇಳುವ ಇಂಗ್ಲಿಷ್ ಟ್ಯೂಷನ್ ಶಾಲೆಯ ಯಜಮಾನನಂತೆ ಯಜಮಾನ. ಆ ಪುಸ್ತಕದಲ್ಲಿ ‘ಪಿಕ್ ಅಪ್’ಗೆ ಇಪ್ಪತ್ತು ಅರ್ಥ, ಒಂದೊಂದಕ್ಕೂ ಎರಡು ಪರ್ಯಾಯ ಪದ ಒಪ್ಪಿಸದವರನ್ನು ಪರೀಕ್ಷೆಗೆ ಕಳಿಸುವುದಿಲ್ಲ. ಎತ್ತಿಕೋ, ಕಲಿತುಕೋ, ಚೇತರಿಸಿಕೋ ಎಂದು ಎಲ್ಲರೂ ಪ್ರಾರ್ಥನೆಯ ಹಾಗೆ ಒದರಬೇಕು. ಇವನಿಗೋ ಬಂದರಿನಲ್ಲಿ ಒಬ್ಬ ಇಂಗ್ಲಿಷಿನವನಿಗೆ ದಾರಿ ಹೇಳಲೂ ಬಾರದು.

ಇವತ್ತು ಆರ್ಗಿರೋಳ ಸರದಿ. ನಲವತ್ತರ ಹೆಂಗಸು, ಹೋಟೆಲಿನಲ್ಲಿ ಕೋಣೆ ಗುಡಿಸುತ್ತಾಳೆ. ಸರ್ಟಿಫಿಕೇಟು ಸಿಕ್ಕರೆ ರಿಸೆಪ್ಷನ್ನಿನಲ್ಲಿ ಕೂರಬಹುದು. ಹತ್ತೊಂಬತ್ತು ಹೇಳಿ ನಿಂತುಬಿಟ್ಟಳು.

“ಇಪ್ಪತ್ತನೇದನ್ನ ಮಂಚದ ಕೆಳಗೆ ಗುಡಿಸಿಬಿಟ್ಯೇನಮ್ಮಾ? ಡಿಸೆಂಬರ್ ಪರೀಕ್ಷೆ ಮರ್ತುಬಿಡು,” ಅಂದ.

ಇಪ್ಪತ್ತನೆಯದು ‘ಮುನಿಸು ಬಿಡುವುದು’. ಅದು ಯಾವ ಇಂಗ್ಲಿಷರ ಬಾಯಲ್ಲೂ ಇಲ್ಲ. ಹನ್ನೆರಡು ವರ್ಷದ ಹಿಂದೆ ಅವನಿಗೆ ಆ ಪಟ್ಟಿ ಬರೆದುಕೊಟ್ಟವಳು ನಾನೇ. ಹತ್ತೊಂಬತ್ತಕ್ಕೆ ಸರಕು ಮುಗಿದಿತ್ತು, ಹೊಟ್ಟೆ ಹಸಿದಿತ್ತು, ಅವನಿಗೆ ಇಪ್ಪತ್ತೇ ಆಗಬೇಕಿತ್ತು. ಒಂದನ್ನು ಹುಟ್ಟಿಸಿದೆ.

ಇವತ್ತೂ ಬಾಯಿ ಬಿಡಲಿಲ್ಲ.

ಮೆಟ್ಟಿಲ ಹತ್ತಿರ ಆರ್ಗಿರೋ ತಡೆದಳು. “ಮೇಡಂ, ಆ ಇಪ್ಪತ್ತನೇದನ್ನ ಹೇಗೆ ಬಳಸ್ತಾರೆ? ಒಂದು ಉದಾಹರಣೆ ಕೊಡಿ, ತಲೇಲಿ ಕೂರುತ್ತೆ.”

ಕೊಟ್ಟೆ. ಕೇಳದಿದ್ದರೂ ಇನ್ನೊಂದನ್ನೂ ಕೊಟ್ಟೆ. ಅವಳು ಎರಡನ್ನೂ ನೀಟಾಗಿ ಬರೆದುಕೊಂಡಳು. ಯಾರಾದರೂ ಕೇಳಿದರೆ ಇರಲಿ ಅಂತ, ಕೆಳಗೆ ನನ್ನ ಹೆಸರನ್ನೂ ಬರೆದಳು.