ನೀಲಿ ದಾರದ ಭಾಗ

ಅಂಗಡಿ ಮನೆಯಿಂದ,
ಅಕ್ಟೋಬರ್ ೧೯, ಗುರುವಾರ ಮಧ್ಯಾಹ್ನ

ನನ್ನ ಮುದ್ದಿನ ಮಗಳೇ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ ಅಥವಾ ಮಗು ಮಲಗಿತೆಂದು ತಟ್ಟೆಯ ಮುಂದೆ ನೀನೂ ತೂಕಡಿಸುತ್ತಿದ್ದೀಯೋ? ಅಳಿಯಂದಿರು ನ್ಯಾಪಿ ಬದಲಾಯಿಸುವುದನ್ನು ಕಲಿತರೆಂದು ಕೇಳಿ ಬಹಳ ಖುಷಿಯಾಯಿತು. ನಿಮ್ಮಪ್ಪ ಇದ್ದಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು, ಅವರು ನಿನ್ನನ್ನು ಎತ್ತಿಕೊಳ್ಳುವುದಕ್ಕೇ ಹೆದರುತ್ತಿದ್ದರು. ನನ್ನ ಗುಬ್ಬಿಮರಿ ಎಷ್ಟು ತೂಕ ಬಂದಿದ್ದಾಳೆ? ಮೂಗು ಯಾರದ್ದು? ಫೋಟೋದಲ್ಲಿ ಮೂಗು ಸರಿಯಾಗಿ ಕಾಣಿಸುವುದಿಲ್ಲ, ನೀವು ಕಂಬಳಿಯನ್ನು ಮೂಗಿನವರೆಗೂ ಎಳೆದಿರುತ್ತೀರಿ. ತಪ್ಪಲ್ಲ ಬಿಡು, ಬೆಚ್ಚಗಿರಲಿ. ಫೋನಿನಲ್ಲಿ ಹೇಳಬಹುದಿತ್ತಲ್ಲ, ಕಾಗದ ಯಾಕೆ ಅನ್ನುತ್ತೀಯ. ಫೋನಿನಲ್ಲಿ ನಾನು ಮುಖ್ಯವಾದ ಮಾತಿಗೆ ಬರುವಷ್ಟರಲ್ಲಿ ಅವಳು ಅಳುತ್ತಾಳೆ, ನೀನು ಫೋನು ಇಟ್ಟುಬಿಡುತ್ತೀಯ. ಅದೂ ಅಲ್ಲದೆ, ಈ ಸಲ ಹೇಳಬೇಕಾದದ್ದನ್ನು ನೀನು ನಡುವೆ ಬಾಯಿ ಹಾಕದೆ ಕೇಳಬೇಕು. ಅದಕ್ಕೆ ಕಾಗದವೇ ಸರಿ.

ಇಲ್ಲಿ ಎಲೆ ಉದುರುವ ಕಾಲ ಜೋರಾಗಿಯೇ ಬಂದಿದೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಹಳದಿ ಎಲೆಗಳ ರಾಶಿ. ಗುಡಿಸಿ ಒಳಗೆ ಬರುವಷ್ಟರಲ್ಲಿ ಗಾಳಿ ಮತ್ತೆ ಅಷ್ಟನ್ನೂ ತಂದು ಸುರಿದಿರುತ್ತದೆ. ಬೆಳಗಿನ ಚಳಿಗೆ ಬೈಂಡಿಂಗಿನ ಅಂಟು ಗಟ್ಟಿಯಾಗಿ ಕೂರುತ್ತದೆ, ಮಧ್ಯಾಹ್ನದ ಬಿಸಿಲಿಗೆ ಸ್ವೆಟರ್ ಬಿಚ್ಚಿ ಎಸೆಯುವ ಹಾಗಾಗುತ್ತದೆ. ಇಂಥ ಹವೆಯಲ್ಲೇ ನೆಗಡಿ ಕೆಮ್ಮು ಮನೆಮನೆಗೆ ನುಗ್ಗುವುದು. ನೀನು ಹೇಳಿದ್ದು ಸರಿಯಾಗಿಯೇ ಇದೆ. ಹೊತ್ತಿಗೆ ಮುಂಚೆ ಹುಟ್ಟಿದ ಕೂಸು, ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದು ಬಂದವಳು. ಅಂಥವಳ ಹತ್ತಿರಕ್ಕೆ ಯಾರೂ ಸೀನುತ್ತ ಹೋಗಬಾರದು. “ಅಮ್ಮಾ, ನೀನಾದ್ರೂ ಅಷ್ಟೇ. ಫ್ಲೂ ಲಸಿಕೆ ಹಾಕಿಸ್ಕೊಂಡು ಎರಡು ವಾರ ಆಗದೆ ಇಲ್ಲಿಗೆ ಬರಬೇಡ” ಅಂದೆಯಲ್ಲ, ಆಗ ನನಗೆ ಒಂದು ಗಳಿಗೆ ಸಿಟ್ಟು ಬಂದಿದ್ದು ನಿಜ. ಆಮೇಲೆ ಹೆಮ್ಮೆಯಾಯಿತು. ನನ್ನ ಮಗಳು ತಾಯಿಯಾದಳು ಅಂತ ಅವತ್ತೇ ನನಗೆ ಗೊತ್ತಾಗಿದ್ದು.

ಆದರೆ ಲಸಿಕೆ ಬರಬೇಕಲ್ಲ! ರಸ್ತೆಯ ಕೊನೆಯ ಕ್ಲಿನಿಕ್ಕಿಗೆ ನಾವು ಮೂವರು ಎಷ್ಟು ಸಲ ಎಡತಾಕಿದೆವೋ ಲೆಕ್ಕವಿಲ್ಲ. ಮೂವರು ಅಂದರೆ ನಾನು, ಎದುರಿನ ಟೈಲರಮ್ಮ, ಮತ್ತೆ ನಿವೃತ್ತಿಯಾದ ಮೇಲೂ ಎಲ್ಲರ ವಿಳಾಸವನ್ನು ತಲೆಯಲ್ಲಿಟ್ಟುಕೊಂಡಿರುವ ನಮ್ಮ ಪೋಸ್ಟ್ ಮಾಸ್ತರು. ಪ್ರತಿ ಸಲವೂ ಸಿಸ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿ “ಸ್ಟಾಕ್ ಬಂದಿಲ್ಲಮ್ಮಾ, ಮುಂದಿನ ವಾರ ನೋಡಿ” ಅನ್ನುವುದು. ಪಾಪ, ಆ ಹುಡುಗಿಯ ತಪ್ಪೇನಿದೆ? ಒಂದು ಸಲ ಲಾರಿ ತಡವಾಯಿತು, ಇನ್ನೊಂದು ಸಲ ಬಂದದ್ದೆಲ್ಲ ದೊಡ್ಡಾಸ್ಪತ್ರೆಗೆ ಹೋಯಿತು. ಬಂದದ್ದೇ ಬಂದೆವು ಅಂತ ನಾವು ಕ್ಲಿನಿಕ್ಕಿನ ಮುಂದಿನ ಮರದ ಕೆಳಗೆ ಬೆಂಚಿನ ಮೇಲೆ ಕೂತು, ಫ್ಲಾಸ್ಕಿನ ಚಹಾ ಹಂಚಿಕೊಂಡು ಕಾದಂಬರಿಯ ಮಾತು ತೆಗೆಯುತ್ತಿದ್ದೆವು. ನಮ್ಮ ಮಾತು ನಿನಗೆ ಗೊತ್ತೇ ಇದೆ. ಮಾಸ್ತರಿಗೆ ಪತ್ತೇದಾರಿ ಕಾದಂಬರಿಯೇ ಆಗಬೇಕು. ಮೂರನೇ ಅಧ್ಯಾಯಕ್ಕೇ ಕೊಲೆಗಾರ ಯಾರೆಂದು ಹೇಳಿ, ತಪ್ಪಾದರೆ ಲೇಖಕನನ್ನೇ ಬೈಯುತ್ತಾರೆ. ಟೈಲರಮ್ಮನಿಗೆ ದೊಡ್ಡ ಸಂಸಾರದ ಕಥೆ ಬೇಕು, ಅದರಲ್ಲೂ ಯಾರು ಏನು ಉಟ್ಟಿದ್ದರು ಅಂತ ಬರೆದಿರಬೇಕು. “ಆ ನಾಯಕಿ ಮಳೆಯಲ್ಲಿ ರೇಷ್ಮೆ ಕೋಟು ಹಾಕ್ಕೊಂಡು ಓಡ್ತಾಳಂತಲ್ಲಕ್ಕಾ, ಲೇಖಕ ಜನ್ಮದಲ್ಲಿ ಒಂದು ಕೋಟು ಒಗೆದಿಲ್ಲ ಬಿಡು” ಅಂತ ಅವಳು ತೀರ್ಪು ಕೊಟ್ಟರೆ ಮೇಲ್ಮನವಿಯೇ ಇಲ್ಲ. ನನಗೆ ಸಮುದ್ರ, ಹಡಗು, ಬಂದರು ಇರಬೇಕು. ನಾನು ಸಮುದ್ರ ನೋಡಿದ್ದು ಒಂದೇ ಸಲ, ಅದೂ ಬಸ್ಸಿನ ಕಿಟಕಿಯಿಂದ. ಅದಕ್ಕೇ ಇರಬೇಕು ಇಷ್ಟು ಹುಚ್ಚು.

ಈ ಸಲ ಗ್ರಂಥಾಲಯದಿಂದ ಬೈಂಡಿಂಗಿಗೆ ಬಂದ ಪುಸ್ತಕಗಳಲ್ಲಿ ಒಂದು ದಪ್ಪ ಕಾದಂಬರಿ ಇತ್ತು. ಬೆನ್ನು ಪೂರ್ತಿ ಹರಿದು ಹೋಗಿತ್ತು. ಬಂದರಿನಲ್ಲಿ ಹಾಯಿ ಹೊಲಿಯುವ ಒಬ್ಬ ಹೆಂಗಸು, ಅವಳ ಮಗಳು, ಇವರ ಕಥೆ. ನಾನು ಮಾಮೂಲಿನಂತೆ ಮಾಡಿದೆ: ರಟ್ಟು ಹಾಕುವ ಮೊದಲು ಅದನ್ನು ಮೂರು ಭಾಗ ಮಾಡಿ, ಒಂದೊಂದನ್ನೂ ಸಡಿಲವಾಗಿ ಹೊಲಿದು, ಕಂದು ಕಾಗದ ಸುತ್ತಿದೆ. ಮೊದಲನೆಯದಕ್ಕೆ ಕೆಂಪು ದಾರ, ಎರಡನೆಯದಕ್ಕೆ ಹಸಿರು, ಮೂರನೆಯದಕ್ಕೆ ನೀಲಿ. ಹೀಗೆ ಮಾಡಿದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರು ಬಾಯಿ ಬಾಯಿ ಬಿಡುತ್ತ ಕೂರಬೇಕಾಗಿಲ್ಲ. ಗ್ರಂಥಪಾಲಕರಿಗೂ ಗೊತ್ತು, ನಕ್ಕು ಸುಮ್ಮನಿರುತ್ತಾರೆ. ಮೊದಲ ಭಾಗವನ್ನು ಮೂವರೂ ಓದಿದೆವು. ಹಸಿರು ದಾರದ್ದನ್ನು ನಾನು ಮತ್ತು ಟೈಲರಮ್ಮ ಮುಗಿಸಿದೆವು. ಅದನ್ನು ಮಾಸ್ತರು ಓದಿದ ಮೇಲೆ, ಕೊನೆಯ ಭಾಗವನ್ನು ಮೂವರೂ ಒಟ್ಟಿಗೆ ಕೂತು ಗಟ್ಟಿಯಾಗಿ ಓದುವುದೆಂದು ಮಾತಾಗಿತ್ತು. ಅವರು ಪುಸ್ತಕ ತೆಗೆದುಕೊಳ್ಳಲು ಬಂದ ಹೊತ್ತಿಗೇ ನಿನ್ನ ಫೋನು ಬಂತು. ಮಗು ನನ್ನ ಫೋಟೋ ನೋಡಿ ನಕ್ಕಿತು ಅಂದೆಯಲ್ಲ, ಆವತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಸಂಭ್ರಮದಲ್ಲಿ ಮಾಸ್ತರ ಕೈಗೆ ಯಾವ ಭಾಗ ಕೊಟ್ಟೆನೋ ದೇವರಿಗೇ ಗೊತ್ತು ಅನ್ನುವ ಹಾಗಾಯಿತು.

ಈಗ ಮೊನ್ನೆ ಮಂಗಳವಾರದ ಕಥೆ ಕೇಳು. ಬೆಳಿಗ್ಗೆ ಕ್ಲಿನಿಕ್ಕಿನಿಂದ ಸುದ್ದಿ ಬಂತು, ಲಸಿಕೆ ಬಂದಿದೆ ಅಂತ! ಅಂಟಿನ ಕೈಯನ್ನೂ ಸರಿಯಾಗಿ ತೊಳೆಯದೆ ಓಡಿದೆ. ನಮಗೆ ಮೂವರಿಗೂ ಟೋಕನ್ ಸಿಕ್ಕಿತು. ಒಳಗೆ ಜಾಗವಿರಲಿಲ್ಲ, ಹೊರಗೆ ನಮ್ಮ ಬೆಂಚಿನ ಮೇಲೆಯೇ ಕೂತೆವು. ಮನಸ್ಸಿನಲ್ಲಿ ನಾನಾಗಲೇ ರೈಲಿನ ಡಬ್ಬಿಯಲ್ಲಿದ್ದೆ, ನಿನ್ನ ಮನೆಯ ಗಂಟೆ ಒತ್ತುತ್ತಿದ್ದೆ. ಅಷ್ಟರಲ್ಲಿ ಮಾಸ್ತರು ಕನ್ನಡಕ ಒರೆಸುತ್ತ, “ಎರಡನೇ ಭಾಗ ಓದಿದೆ ಕಣ್ರಮ್ಮಾ. ಎಂಥಾ ಲೇಖಕ! ಎಂಥಾ ಎದೆಗಾರಿಕೆ! ಮೊದಲನೇ ಭಾಗದಲ್ಲಿ ತೊಟ್ಟಿಲಲ್ಲಿದ್ದ ಮಗು, ಪುಟ ತಿರುಗಿಸಿದ್ರೆ ಬೆಳೆದು ದೊಡ್ಡವಳಾಗಿ ಸಮುದ್ರದ ಆಚೆ ಸಂಸಾರ ಮಾಡ್ತಾ ಇದ್ದಾಳೆ! ಮಧ್ಯದ ವರ್ಷಗಳನ್ನ ಒಂದೇ ಏಟಿಗೆ ಹಾರಿಸಿಬಿಟ್ಟ! ಇದಕ್ಕೇ ಆಧುನಿಕ ತಂತ್ರ ಅನ್ನೋದು” ಅಂದರು. ನಾನೂ ಟೈಲರಮ್ಮನೂ ಮುಖ ಮುಖ ನೋಡಿಕೊಂಡೆವು. ನಾವು ಓದಿದ ಎರಡನೆಯ ಭಾಗದ ಪುಟಪುಟದಲ್ಲೂ ಆ ಹುಡುಗಿ ಬೆಳೆಯುತ್ತಾಳೆ, ಶಾಲೆಗೆ ಹೋಗುತ್ತಾಳೆ, ಅಮ್ಮನ ಜೊತೆ ಜಗಳವಾಡುತ್ತಾಳೆ. ಟೈಲರಮ್ಮ ಮೆಲ್ಲಗೆ, “ಮಾಸ್ತರೇ, ನಿಮ್ಮ ಭಾಗದ ದಾರ ಯಾವ ಬಣ್ಣ?” ಅಂತ ಕೇಳಿದಳು. “ನೀಲಿ” ಅಂದರು. ಅವರು ಕೊನೆಯ ಭಾಗವನ್ನೇ ಓದಿ ಮುಗಿಸಿದ್ದರು!

ಅಲ್ಲಿಂದ ಶುರುವಾಯಿತು ನೋಡು ರಂಪ. ಟೈಲರಮ್ಮ ನಕ್ಕೂ ನಕ್ಕೂ ಬೆಂಚಿನ ಮೇಲೆ ಬಿದ್ದಳು. ಮಾಸ್ತರು ತಾವು ಹೊಗಳಿದ ತಂತ್ರ ನನ್ನ ಕೈಚಳಕವೆಂದು ಗೊತ್ತಾದಾಗ ಇಂಗು ತಿಂದ ಮಂಗನಂತಾದರು. ಆದರೂ ಬಿಟ್ಟುಕೊಡುವ ಆಸಾಮಿಯಲ್ಲ, ಎರಡನೆಯ ಭಾಗ ಇಲ್ಲದಿದ್ದರೇ ಕಾದಂಬರಿ ಚೆನ್ನ ಅಂತ ವಾದಕ್ಕೆ ನಿಂತರು. ವಾದದ ಭರದಲ್ಲಿ “ಕೊನೆಗೆ ಆ ತಾಯಿ ಹಡಗಿನ ಮೆಟ್ಟಿಲ ಹತ್ತಿರ ನಿಂತು...” ಅನ್ನುವಷ್ಟರಲ್ಲಿ ನಾವಿಬ್ಬರೂ ಕಿವಿ ಮುಚ್ಚಿಕೊಂಡು “ಹೇಳಬೇಡಿ! ಹೇಳಬೇಡಿ!” ಅಂತ ರಸ್ತೆಗೆಲ್ಲ ಕೇಳಿಸುವಂತೆ ಕೂಗಿದೆವು. ಅದೇ ಹೊತ್ತಿಗೆ ಸಿಸ್ಟರ್ ಬಾಗಿಲಿಗೆ ಬಂದು ನಮ್ಮ ಟೋಕನ್ ಕೂಗಿದ್ದಾಳೆ. ಒಂದಲ್ಲ, ಎರಡು ಸಲ ಕೂಗಿದ್ದಾಳೆ. ಕಿವಿ ಮುಚ್ಚಿಕೊಂಡವರಿಗೆ ಏನು ಕೇಳಿಸುತ್ತದೆ? ನಮ್ಮ ಹಿಂದಿನವರು ಒಬ್ಬೊಬ್ಬರಾಗಿ ಒಳಗೆ ಹೋಗಿ ತೋಳು ಒತ್ತಿಕೊಳ್ಳುತ್ತ ಹೊರಗೆ ಬಂದರು. ನಾವು ಕೊನೆಗೆ ಎಚ್ಚೆತ್ತು ಒಳಗೆ ಓಡಿದಾಗ ಸಿಸ್ಟರ್ ಡಬ್ಬಿ ತೋರಿಸಿದಳು. ಒಂದೇ ಒಂದು ಉಳಿದಿತ್ತು.

ನಿಮ್ಮಪ್ಪ ಹೇಳುತ್ತಿದ್ದದ್ದು ನೆನಪಿದೆಯೇ? “ಮನೆಗೆ ಬೆಂಕಿ ಬಿದ್ರೂ ಇವಳು ಅಧ್ಯಾಯ ಮುಗಿಸಿಯೇ ಏಳೋದು” ಅಂತ. ನೀನೂ ಚಿಕ್ಕವಳಿದ್ದಾಗ ಹಸಿವಾದರೆ ನನ್ನ ಪುಸ್ತಕದಲ್ಲಿ ಇನ್ನೆಷ್ಟು ಪುಟ ಉಳಿದಿದೆ ಅಂತ ನೋಡಿ ಹೋಗುತ್ತಿದ್ದೆ. ಆ ಒಂದು ಸೀಸೆಯ ಮುಂದೆ ನಿಂತಾಗ ಅದೆಲ್ಲ ನೆನಪಾಗಿ ನನ್ನ ಮೇಲೆ ನನಗೇ ಅಸಾಧ್ಯ ಸಿಟ್ಟು ಬಂತು. ಮಾಸ್ತರು ಟೋಕನ್ ಹರಿದು ಜೇಬಿಗೆ ಹಾಕಿಕೊಂಡು “ಅಮ್ಮಂಗೆ ಹಾಕಿ ಸಿಸ್ಟರ್, ಮೊಮ್ಮಗಳನ್ನ ನೋಡಬೇಕು ಅವರು” ಅಂದರು. ಟೈಲರಮ್ಮ ನನ್ನ ತೋಳಿನ ಸ್ವೆಟರ್ ಮೇಲೇರಿಸಲು ಬಂದಳು. ಬಂದವಳು ಉಸಿರು ಎಳೆದುಕೊಂಡಳು. ಅವಳ ಉಬ್ಬಸ ನಿನಗೆ ಗೊತ್ತಲ್ಲ. ನಕ್ಕಿದ್ದಕ್ಕೋ ಓಡಿದ್ದಕ್ಕೋ ಎದೆಯಿಂದ ಸುಯ್ಯೆಂದು ಶಬ್ದ ಬರುತ್ತಿತ್ತು. ಹೋದ ಚಳಿಗಾಲದಲ್ಲಿ ಒಂದು ಸಣ್ಣ ಜ್ವರ ಅವಳನ್ನು ಆಸ್ಪತ್ರೆಯ ಹಾಸಿಗೆಗೆ ಕಟ್ಟಿಹಾಕಿತ್ತು, ನಾವೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು. ಮಗಳೇ, ನಿನ್ನಾಣೆಗೂ ನನಗೆ ಆ ಸೂಜಿ ಬೇಕಿತ್ತು. ಕೈ ಚಾಚಿಬಿಡೋಣ ಅನ್ನಿಸಿತು. ಆದರೆ ಆ ಶಬ್ದ ಕೇಳಿದ ಮೇಲೆ ಚಾಚಲಾಗಲಿಲ್ಲ. ಅವಳನ್ನೇ ಕುರ್ಚಿಯಲ್ಲಿ ಕೂರಿಸಿ, ಅಲ್ಲಾಡದಂತೆ ಹೆಗಲು ಹಿಡಿದುಕೊಂಡೆ. ಅವಳು ಬೈದಳು, ಅತ್ತಳು, ಹಾಕಿಸಿಕೊಂಡಳು.

ಮನೆಗೆ ಬಂದು ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಗುಬ್ಬಿಮರಿಗೆಂದು ಬಟ್ಟೆಯ ಹಾಳೆಗಳ ಒಂದು ಪುಟ್ಟ ಪುಸ್ತಕ ಹೊಲಿದಿದ್ದೇನೆ. ಕಚ್ಚಿದರೂ ಹರಿಯುವುದಿಲ್ಲ, ಒಗೆಯಬಹುದು. ಚಿತ್ರಗಳನ್ನೆಲ್ಲ ಟೈಲರಮ್ಮ ತುಂಡುಬಟ್ಟೆಯಲ್ಲಿ ಕತ್ತರಿಸಿ ಕೊಟ್ಟಿದ್ದಾಳೆ, ಬೆಕ್ಕಿಗೆ ನಿಜವಾದ ಗುಂಡಿಯ ಕಣ್ಣಿದೆ. (ಗುಂಡಿ ಬಿಗಿಯಾಗಿ ಹೊಲಿದಿದ್ದೇವೆ, ಹೆದರಬೇಡ.) ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ, ಕೂಸು ಕುತ್ತಿಗೆ ನಿಲ್ಲಿಸುವ ಮೊದಲು ನನ್ನ ಕೈಗೆ ಸಿಗುತ್ತಾಳೋ ಇಲ್ಲವೋ ಅಂತ ದುಃಖ ಉಕ್ಕಿಬಂತು. ನಿನಗೆ ಹೇಳಬೇಕಾದದ್ದು ಇಷ್ಟೇ: ನನ್ನ ಸರದಿ ನನ್ನ ಕೈಯಾರೆ ಹೋಯಿತು, ಬರುವುದು ತಡವಾಗಬಹುದು, ನಿನ್ನ ಮಾತು ಮೀರಿ ಮಾತ್ರ ಬರುವುದಿಲ್ಲ. ಸಿಸ್ಟರ್ ನನ್ನ ವಿಳಾಸ ಬರೆದುಕೊಂಡಿದ್ದಾಳೆ. “ಅಮ್ಮಾ, ಇನ್ನು ನಿಮ್ಮನ್ನ ಕೂಗಿ ಕರೆಯೋ ಕೆಲಸ ನನಗೆ ಬೇಡ” ಅಂತ ಕೈಮುಗಿದಳು. ಮುಂದಿನ ಸ್ಟಾಕ್ ಯಾವಾಗ ಬರುತ್ತದೋ ಅವಳಿಗೂ ತಿಳಿಯದು.

ಈಗ ಕೆಳಗೆ ಅಂಗಡಿಯಲ್ಲಿ ಇಬ್ಬರೂ ಬಂದು ಕೂತಿದ್ದಾರೆ. ನನ್ನ ಮುಖ ನೋಡಲಾರದೆ, ಇವತ್ತು ಕೊನೆಯ ಭಾಗ ಓದಿಯೇ ತೀರಬೇಕೆಂದು ಹಠ ಹಿಡಿದಿದ್ದಾರೆ. ಮಾಸ್ತರಿಗೆ ಮಾತ್ರ ಶಿಕ್ಷೆ: ಮುಂದಿನದನ್ನು ಬಾಯಿ ಬಿಟ್ಟರೆ ಚಹಾ ಬಂದ್. ಮೇಜಿನ ಮೇಲೆ ನೀಲಿ ದಾರದ್ದು ಕಾಯುತ್ತಿದೆ, ನಾನು ಇಳಿಯಬೇಕು. ನೀನು ಹೊಟ್ಟೆ ತುಂಬ ಉಣ್ಣು, ಮಗು ಮಲಗಿದಾಗ ಮಲಗು. ಅಳಿಯಂದಿರಿಗೆ ನನ್ನ ಮೆಚ್ಚುಗೆ ತಿಳಿಸು. ಗುಬ್ಬಿಮರಿಯ ಎರಡೂ ಪಾದಕ್ಕೆ ನನ್ನ ಮುತ್ತು, ನಿನ್ನ ನೆತ್ತಿಗೆ ನನ್ನ ಕೈ ಸದಾ ಇದೆ.

ನಿನ್ನ
ಅಮ್ಮ

ತಾ. ಕ.: ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು, ತೋಳು ನೋಯುತ್ತಿದೆ. ಹೌದು, ತೋಳು ನೋಯುತ್ತಿದೆ! ಲಕೋಟೆ ಇನ್ನೂ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ಕೆಳಗೆ ನಾನೇ ಗಟ್ಟಿಯಾಗಿ ಓದುತ್ತಿದ್ದೆ. ಆ ತಾಯಿ ಗಂಟುಮೂಟೆ ಹಿಡಿದು ಹಡಗಿನ ಮೆಟ್ಟಿಲಿಗೆ ಬಂದು, ಒಂದು ಕಾಲು ಎತ್ತಿದ್ದಾಳೆ, ಆಗ ಬೀದಿಯಿಂದ ಸಿಸ್ಟರ್ ದನಿ ಕೇಳಿಸಿತು. ಎದ್ದುಬಿಟ್ಟೆ ಕಣೇ! ಅಧ್ಯಾಯದ ನಡುವೆ, ಪುಟದ ನಡುವೆ, ಸಾಲಿನ ನಡುವೆ! ನಿಮ್ಮಪ್ಪ ಇದ್ದಿದ್ದರೆ ನಂಬುತ್ತಿರಲಿಲ್ಲ. ಸಿಸ್ಟರ್ ಮಂಜುಗಡ್ಡೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಮನೆಬಾಗಿಲಿಗೇ ಬಂದಿದ್ದಳು. ಮೊದಲು ನನಗೆ, ಆಮೇಲೆ ಮಾಸ್ತರಿಗೆ ಹಾಕಿದಳು. ಟೈಲರಮ್ಮ ಚಪ್ಪಾಳೆ ತಟ್ಟಿದಳು. ಮಾಸ್ತರು ತೋಳು ಒತ್ತಿಕೊಳ್ಳುತ್ತ “ಈಗಲಾದ್ರೂ ಹೇಳ್ಲಾ?” ಅಂತ ಕೇಳಿದರು. ಬೇಡ ಅಂದೆ. ಪುಸ್ತಕವನ್ನು ಹಾಗೆಯೇ ಮಗುಚಿಟ್ಟು, ಸ್ಟೇಷನ್ನಿಗೆ ಹೋಗಿ ಟಿಕೆಟ್ ತಂದೆ. ಎರಡು ವಾರ ಕಳೆದ ಮರುದಿನ ಬೆಳಗಿನ ರೈಲು. ಅವಳು ಹಡಗು ಹತ್ತಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ನಾನಂತೂ ರೈಲು ಹತ್ತುತ್ತಿದ್ದೇನೆ. ಅಳಿಯಂದಿರನ್ನು ಸ್ಟೇಷನ್ನಿಗೆ ಕಳಿಸು; ನೀನು ಮಗುವನ್ನು ಬಿಟ್ಟು ಏಳಬೇಡ.